ಅಷ್ಟಭೋಗದ ಕ್ರಯಪತ್ರ ಮತ್ತು ಗಡಿಯಾಚೆಯ ಹೊಲ

ಹಳೆಯ ಕ್ರಯಪತ್ರಗಳನ್ನು ಓದಿ ಬಲ್ಲವರಿಗೆ ಒಂದು ಸಾಲು ಬಾಯಿಪಾಠವಾಗಿರುತ್ತದೆ. ಜಮೀನಿನ ಸರ್ವೆ ನಂಬರು, ಚಕ್ಕುಬಂದಿ, ಕ್ರಯದ ಹಣ ಎಲ್ಲ ಬರೆದಾದ ಮೇಲೆ ಬರುವ ಸಾಲು ಅದು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳನ್ನು ನಿಮಗೆ ಬಿಟ್ಟುಕೊಟ್ಟಿದ್ದೇವೆ ಎಂಬುದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಪತ್ರಬರಹಗಾರರು ಇದನ್ನು ಉಸಿರು ಬಿಡದೆ ಬರೆಯುತ್ತಾರೆ. ಬರೆಸುವವರಾಗಲಿ ಸಹಿ ಹಾಕುವವರಾಗಲಿ ಅದರ ಅರ್ಥ ಕೇಳುವುದು ಅಪರೂಪ. ಮದುವೆಯ ಮಂತ್ರದ ಹಾಗೆ, ಇದ್ದರೆ ಒಳ್ಳೆಯದು ಎಂಬ ಭಾವ.

ಆದರೆ ಈ ಎಂಟು ಪದಗಳಿಗೆ ಒಂದೊಂದಕ್ಕೂ ಅರ್ಥವಿದೆ. ನಿಧಿ ಎಂದರೆ ನೆಲದಲ್ಲಿ ಹೂತಿರುವ ಹೊನ್ನು. ನಿಕ್ಷೇಪ ಎಂದರೆ ಯಾರೋ ಇಟ್ಟುಹೋದ ಸೊತ್ತು. ಜಲ ಬಾವಿ ಹಳ್ಳಗಳ ನೀರು. ಪಾಷಾಣ ಕಲ್ಲು, ಅದರೊಡನೆ ಕಲ್ಲಿನಿಂದ ಹುಟ್ಟುವ ಖನಿಜ. ಅಕ್ಷೀಣಿ ಎಂದೂ ತೀರದ ಉತ್ಪತ್ತಿ, ಆಗಾಮಿ ಮುಂದೆ ಬರುವ ಲಾಭ, ಸಿದ್ಧ ಈಗ ಕೈಗೆ ಸಿಗುವ ಫಲ, ಸಾಧ್ಯ ದುಡಿದರೆ ಸಿಗಬಹುದಾದ ಫಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಈ ಪಟ್ಟಿ ಮತ್ತೆಮತ್ತೆ ಬರುತ್ತದೆ. ಅಗ್ರಹಾರ ಪಡೆದ ಬ್ರಾಹ್ಮಣನಿಗೋ ದೇವಸ್ಥಾನಕ್ಕೋ ಅರಸ ಊರನ್ನು ಬಿಟ್ಟುಕೊಡುವಾಗ, ನೆಲದ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೇ ಕೊಟ್ಟೆ ಎಂದು ಹೇಳುವ ಬಗೆ ಇದು. ನಾಯಕರ ಕಾಲ, ಹೈದರನ ಕಾಲ, ಒಡೆಯರ ಕಾಲ ಕಳೆದು ಈ ಮಾತು ಛಾಪಾ ಕಾಗದದ ಮೇಲೂ ಬಂದು ಕುಳಿತಿದೆ. ಹಾಗಾದರೆ ಇಂದು ಎರಡು ಎಕರೆ ಹೊಲ ಮಾರುವ ರೈತ ತನ್ನ ನೆಲದಡಿಯ ಕಲ್ಲನ್ನೂ ಅದಿರನ್ನೂ ನಿಜವಾಗಿ ಮಾರುತ್ತಿದ್ದಾನೆಯೆ? ಅದು ಅವನದಾಗಿದ್ದರೆ ತಾನೆ!

ಈ ಪ್ರಶ್ನೆ ಎಲ್ಲ ಕಡೆಗೂ ಸಲ್ಲುವುದಾದರೂ ಚಳ್ಳಕೆರೆ ಮೊಳಕಾಲ್ಮುರುಗಳಲ್ಲಿ ಅದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಇಲ್ಲಿನ ಅನೇಕ ಕುಟುಂಬಗಳ ಪಿತ್ರಾರ್ಜಿತ ಜಮೀನು ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. ಮೊಳಕಾಲ್ಮುರಿನಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯ ಹಾದಿಯಲ್ಲಿ ರಾಯದುರ್ಗ, ಅದು ಆಂಧ್ರಪ್ರದೇಶ. ಮ್ಯಾಸನಾಯಕರಿಗೆ, ಗೊಲ್ಲರಿಗೆ, ಲಿಂಗಾಯತರಿಗೆ ಗಡಿಯ ಎರಡು ಕಡೆಯೂ ನೆಂಟಸ್ತಿಕೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಅಥವಾ ಅದರ ತಿರುವುಮುರುವು. ತಾತನ ಹೊಲ ಅಲ್ಲಿ, ಮೊಮ್ಮಗನ ಮನೆ ಇಲ್ಲಿ. ಮೊಮ್ಮಗನ ಮಗ ಬೆಂಗಳೂರಿನಲ್ಲಿ. ಈಗ ಮಾರಬೇಕು.

ಈ ಗಡಿ ಹುಟ್ಟಿದ್ದು ನಮ್ಮ ಕಾಲದಲ್ಲಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡರಷ್ಟೆ. ರಾಯದುರ್ಗ, ಗುತ್ತಿ ಮುಂತಾದ ಸೀಮೆಗಳು ನಿಜಾಮನ ಪಾಲಿಗೆ ಹೋದವು. ಮರುವರ್ಷವೇ, 1800ರ ಅಕ್ಟೋಬರಿನಲ್ಲಿ, ತನ್ನಲ್ಲಿದ್ದ ಇಂಗ್ಲಿಷ್ ಸೈನ್ಯದ ವೆಚ್ಚಕ್ಕೆ ಬದಲಾಗಿ ನಿಜಾಮ ಅವನ್ನು ಕಂಪನಿಗೆ ಬಿಟ್ಟುಕೊಟ್ಟ. ಅವೇ ದತ್ತಮಂಡಲಗಳು. ಚಿತ್ರದುರ್ಗದ ಸೀಮೆ ಮಾತ್ರ ಮೈಸೂರಿನಲ್ಲೇ ಉಳಿಯಿತು. ಭೂಪಟ ನೋಡಿದರೆ ಮೊಳಕಾಲ್ಮುರು ತಾಲ್ಲೂಕು ಬಳ್ಳಾರಿ ಜಿಲ್ಲೆಯೊಳಕ್ಕೆ ಚಾಚಿದ ನಾಲಿಗೆಯ ಹಾಗೆ ಕಾಣುತ್ತಿತ್ತು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳು ಇರುವುದು ಈ ನಾಲಿಗೆಯ ಮೇಲೆಯೇ. ಮೌರ್ಯರಿಗೆ ಒಂದೇ ಸೀಮೆಯಾಗಿದ್ದುದು ಕಂಪನಿಯ ಗುಮಾಸ್ತರಿಗೆ ಎರಡಾಯಿತು.

ಎರಡಾದದ್ದು ಬರೀ ಬಣ್ಣವಲ್ಲ, ಲೆಕ್ಕದ ರೀತಿಯೂ ಹೌದು. ದತ್ತಮಂಡಲಗಳ ಕಲೆಕ್ಟರಾಗಿ 1800ರಿಂದ 1807ರವರೆಗೆ ಇದ್ದ ಥಾಮಸ್ ಮನ್ರೋ ಅಲ್ಲಿ ರೈತವಾರಿ ಪದ್ಧತಿಯನ್ನು ಬೇರೂರಿಸಿದ. ಮೈಸೂರು ಸೀಮೆಯಲ್ಲಿ ಅಳತೆ ಕಂದಾಯಗಳು ವ್ಯವಸ್ಥಿತವಾದದ್ದು 1860ರ ದಶಕದಲ್ಲಿ, ಕಮಿಷನರ ಆಡಳಿತದಲ್ಲಿ, ಅದೂ ಬೊಂಬಾಯಿ ಮಾದರಿಯಲ್ಲಿ. ಇದರ ಒಂದು ಫಲ ಇಂದಿಗೂ ಜನರ ಕಿಸೆಗೆ ತಾಗುತ್ತದೆ. ನಮ್ಮ ಪಹಣಿಯಲ್ಲಿ ಎಕರೆಯ ಕೆಳಗಿನ ಅಳತೆ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಆಂಧ್ರದ ಅಡಂಗಲ್‌ನಲ್ಲಿ ಎಕರೆಯ ಕೆಳಗಿನ ಅಳತೆ ಸೆಂಟು. ನೂರು ಸೆಂಟಿಗೆ ಒಂದು ಎಕರೆ. ಚಳ್ಳಕೆರೆಯವನು ರಾಯದುರ್ಗದ ಕಾಗದದಲ್ಲಿ 2-20 ಎಂದು ಓದಿ ಎರಡೂವರೆ ಎಕರೆ ಎಂದುಕೊಂಡರೆ, ನೆಲದ ಮೇಲೆ ಇರುವುದು ಎರಡು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಜಮೀನು ಕಾಗದದ ಮೇಲೆಯೇ ಮಾಯ! ದಾಯಾದಿ ಕದ್ದ ಎಂದು ಜಗಳಕ್ಕೆ ನಿಲ್ಲುವ ಮುನ್ನ ಈ ಲೆಕ್ಕವನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಇನ್ನು ನೆಲದಡಿಯ ಮಾತು. ಖನಿಜ ಅರಸನದು ಎಂಬ ಕಲ್ಪನೆ ನಮ್ಮಲ್ಲಿ ಹಳೆಯದು. ಗಣಿಗಳು ರಾಜ್ಯದ ಬೊಕ್ಕಸದ ಮೂಲ ಎಂದು ಕೌಟಿಲ್ಯ ಎಣಿಸಿದ. ಪುರಾತನ ನಿಧಿಯಲ್ಲೂ ಖನಿಜದಲ್ಲೂ ಅರ್ಧ ಭಾಗ ರಾಜನಿಗೆ, ಏಕೆಂದರೆ ಅವನು ರಕ್ಷಕ, ಭೂಮಿಯ ಒಡೆಯ ಎಂದು ಮನುಸ್ಮೃತಿ ಹೇಳಿತು. ರಾಜ ತನ್ನದನ್ನು ಬಿಟ್ಟುಕೊಟ್ಟರೆ ಮಾತ್ರ ಅದು ಪ್ರಜೆಯದು. ಅಷ್ಟಭೋಗದ ಸಾಲು ಹುಟ್ಟಿದ್ದೇ ಆ ಬಿಟ್ಟುಕೊಡುವಿಕೆಯಿಂದ. ದಾನಶಾಸನದಲ್ಲಿ ಅದಕ್ಕೆ ಬೆಲೆಯುಂಟು. ಸಾಮಾನ್ಯ ರೈತನೊಬ್ಬ ಇನ್ನೊಬ್ಬನಿಗೆ ಬರೆದುಕೊಡುವ ಪತ್ರದಲ್ಲಿ ಅದಕ್ಕೆ ಇರುವ ಬೆಲೆ, ಬರೆದುಕೊಟ್ಟವನ ಕೈಯಲ್ಲಿ ಎಷ್ಟಿತ್ತೋ ಅಷ್ಟೆ.

ಇಂಗ್ಲಿಷರು ಬಂದ ಮೇಲೆ ಈ ಹಕ್ಕು ಪ್ರಾಂತಕ್ಕೊಂದು ಬಗೆಯಾಯಿತು. 1879ರ ಬೊಂಬಾಯಿ ಭೂಕಂದಾಯ ಸಂಹಿತೆ, ಇನಾಮಾಗಿ ಬಿಟ್ಟುಕೊಡದ ಎಲ್ಲ ಜಮೀನಿನಲ್ಲಿ ಗಣಿ ಮತ್ತು ಖನಿಜದ ಹಕ್ಕನ್ನು ಸರ್ಕಾರ ತನಗೇ ಇಟ್ಟುಕೊಂಡಿದೆ ಎಂದು ಸ್ಪಷ್ಟವಾಗಿ ಸಾರಿತು. ಮೈಸೂರಿನ 1888ರ ಭೂಕಂದಾಯ ಸಂಹಿತೆ ಅದೇ ಅಚ್ಚಿನಲ್ಲಿ ತಯಾರಾದದ್ದು. ಏಕೀಕರಣದ ನಂತರದ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 70ನೇ ಕಲಮು ಈ ನೀತಿಯನ್ನು ಮುಂದುವರಿಸಿತು. ಹಿಂದಿನ ಕಾನೂನಿನಲ್ಲೋ ಮಂಜೂರಾತಿಯ ಷರತ್ತಿನಲ್ಲೋ ಬೇರೆ ಹೇಳಿರದಿದ್ದರೆ ಖನಿಜದ ಹಕ್ಕು ಸಂಪೂರ್ಣವಾಗಿ ರಾಜ್ಯ ಸರ್ಕಾರದ್ದು. ಇನಾಮುಗಳ ಕಥೆಯೂ ಮುಗಿಯಿತು; 1954 ಮತ್ತು 1955ರ ಮೈಸೂರು ಇನಾಮು ರದ್ದಿಯಾತಿ ಕಾಯಿದೆಗಳು ಅವನ್ನು ಸರ್ಕಾರಕ್ಕೆ ಸೇರಿಸಿಬಿಟ್ಟವು. ಮೈಸೂರು ಸಂಸ್ಥಾನಕ್ಕೆ ಈ ಹಕ್ಕಿನ ರುಚಿ ಚೆನ್ನಾಗಿ ಗೊತ್ತಿತ್ತು. ಲಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಕೋಲಾರದ ಚಿನ್ನಕ್ಕೆ ಪರವಾನಗಿ ಕೇಳಿದ್ದು ಅಲ್ಲಿನ ರೈತರನ್ನಲ್ಲ, ಸರ್ಕಾರವನ್ನು. ಮುಂದೆ ಬಂದ ರಾಜಧನವೂ ಸಂಸ್ಥಾನದ ಬೊಕ್ಕಸಕ್ಕೇ ಹೋಯಿತು. 1894ರಲ್ಲಿ ಮೈಸೂರು ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದದ್ದು ಸುಮ್ಮನೆ ಅಲ್ಲ.

ಮದ್ರಾಸ್ ಕಡೆ ಇಷ್ಟು ಖಡಾಖಂಡಿತ ಮಾತು ಇರಲಿಲ್ಲ. ಅಲ್ಲಿನ ರೆವಿನ್ಯೂ ಬೋರ್ಡಿನ ಸ್ಥಾಯಿ ಆದೇಶಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮೀನುಗಳನ್ನು ಎರಡು ಬಗೆಯಾಗಿ ನೋಡಿದವು. ಕಾಯಂ ಜಮೀನುದಾರಿಗಳು, ಇನಾಂ ಕಮಿಷನ್ ವಿಚಾರಣೆ ಮಾಡಿ ಹಕ್ಕುಪತ್ರ ಕೊಟ್ಟು ಬಿಡುಗಡೆ ಮಾಡಿದ ಇನಾಮುಗಳು, ಮಲಬಾರಿನ ಜನ್ಮ ಭೂಮಿಗಳು, ಇಂಥವುಗಳಲ್ಲಿ ಖನಿಜದ ಮೇಲೆ ಸರ್ಕಾರಕ್ಕೆ ಹಕ್ಕೊತ್ತಾಯವಿಲ್ಲ. ಬೇಸಾಯಕ್ಕೆಂದು ಪಟ್ಟಾ ಪಡೆದ ಸಾಮಾನ್ಯ ರೈತವಾರಿ ಜಮೀನಿನಲ್ಲಿ ಖನಿಜ ತೆಗೆದರೆ ಸರ್ಕಾರಕ್ಕೆ ಪಾಲು ಉಂಟು. ಅಂದರೆ ಮೊಳಕಾಲ್ಮುರಿನ ಶಾನುಭೋಗನ ಇನಾಮು ಮತ್ತು ಅವನ ಭಾವನ ರಾಯದುರ್ಗದ ಇನಾಮು, ಒಂದೇ ಅರಸನ ಒಂದೇ ಬಗೆಯ ಶಾಸನದಿಂದ ಹುಟ್ಟಿದ್ದರೂ, ನೆಲದಡಿಯಲ್ಲಿ ಬೇರೆಬೇರೆ ದಾರಿ ಹಿಡಿದವು.

ಈ ಸೀಮೆಗೆ ಚಿನ್ನ ಒಲಿಯಲಿಲ್ಲ. ಆದರೆ ಚೌಳು ಮಣ್ಣು ಧಾರಾಳವಾಗಿತ್ತು. ಉಪ್ಪಾರರು ಆ ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಬಿಸಿಲಿಗೆ ಇಟ್ಟು ಮಣ್ಣುಪ್ಪು ತೆಗೆಯುತ್ತಿದ್ದರು. ಗಡಿಯಾಚೆ ಮದ್ರಾಸ್ ಸರ್ಕಾರಕ್ಕೆ ಉಪ್ಪು ದೊಡ್ಡ ವರಮಾನ. ಕಡಲುಪ್ಪಿನ ಸುಂಕಕ್ಕೆ ಪೆಟ್ಟು ಕೊಡುವ ಮಣ್ಣುಪ್ಪು ಅದರ ಕಣ್ಣಿಗೆ ಅಪರಾಧವಾಗಿ ಕಂಡಿತು. ಬರಿಗೈಯಲ್ಲಿ ಕೆರೆದ ಮಣ್ಣೂ ಒಬ್ಬ ಒಡೆಯನ ಸೊತ್ತು ಎಂದು ಇಲ್ಲಿನ ಬಡವರು ಮೊದಲು ಕಲಿತದ್ದು ಅಲ್ಲಿಂದಲೇ ಇರಬೇಕು.

ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಾರೆ. ಹೊರಗಿನವರು ಕೇಳಿ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಅದು ಕಡಲೆಕಾಯಿ ಎಣ್ಣೆ, ಗಿರಣಿಗಳ ಎಣ್ಣೆ. ನೆಲ ಕೊರೆದು ತೆಗೆಯುವ ಎಣ್ಣೆಯಲ್ಲ. ಇಲ್ಲಿನ ಅಡಿಗಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಗ್ರಾನೈಟು, ನೈಸು, ಶಿಸ್ಟು. ಪೆಟ್ರೋಲಿಯಂ ಹುಟ್ಟುವುದಕ್ಕೆ ಜೀವಿಗಳ ಅವಶೇಷ ಕೂಡಿದ ಹೊಸ ಕೆಸರುಗಲ್ಲಿನ ಪದರ ಬೇಕು. ಆ ಭಾಗ್ಯ ಆಂಧ್ರದ ಕರಾವಳಿಗೆ ಇದೆ. ಅಲ್ಲಿ ಕೃಷ್ಣಾ ಗೋದಾವರಿ ಕೊಳ್ಳದ ತೆಂಗಿನ ತೋಟಗಳ ನಡುವೆ ಒಎನ್‌ಜಿಸಿಯ ಬಾವಿಗಳಿವೆ. 1995ರ ಜನವರಿಯಲ್ಲಿ ಪಾಸರ್ಲಪೂಡಿಯ ಬಾವಿ ಸಿಡಿದು ಎರಡು ತಿಂಗಳಿಗೂ ಹೆಚ್ಚು ಕಾಲ ಉರಿದದ್ದನ್ನು ಓದುಗರು ಮರೆತಿರಲಾರರು. ತೋಟದ ಒಡೆಯನಿಗೆ ಅಲ್ಲಿ ಸಿಗುವುದು ಮೇಲ್ಮೈ ಜಾಗದ ಪರಿಹಾರ. ಅನಿಲದ ರಾಜಧನ ರಾಜ್ಯಕ್ಕೆ. 1948ರ ತೈಲಕ್ಷೇತ್ರ ಕಾಯಿದೆ, ಅದಕ್ಕೆ 2025ರಲ್ಲಿ ಬಂದ ತಿದ್ದುಪಡಿ, ಎರಡೂ ಎಣ್ಣೆಯ ಗುತ್ತಿಗೆಯನ್ನು ಸರ್ಕಾರದ ಕೈಯಲ್ಲೇ ಇರಿಸಿವೆ.

ಅಮೆರಿಕದಲ್ಲಿ ಹಾಗಲ್ಲ. ನೆಲದ ಒಡೆಯನೇ ಪಾತಾಳದವರೆಗೆ ಒಡೆಯ ಎಂಬ ಇಂಗ್ಲಿಷ್ ಸೂತ್ರವನ್ನು ಅವರು ಅಕ್ಷರಶಃ ಹಿಡಿದರು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ ಚಿಮ್ಮಿದ ಮೇಲೆ ರೈತರು ಹೊಲವನ್ನು ತಮಗಿಟ್ಟುಕೊಂಡು ನೆಲದಡಿಯನ್ನು ಮಾರತೊಡಗಿದರು. ಇಲ್ಲವೆ ಹೊಲ ಮಾರಿ ನೆಲದಡಿಯನ್ನು ಉಳಿಸಿಕೊಂಡರು. ಟೆಕ್ಸಾಸ್, ಒಕ್ಲಹೋಮಗಳಲ್ಲಿ ಎಣ್ಣೆ ಕಂಪನಿ ಹಿಂದೆ ಸಾಮಾನ್ಯವಾಗಿ ಎಂಟರಲ್ಲಿ ಒಂದು ಪಾಲನ್ನು ಒಡೆಯನಿಗೆ ಕೊಡುತ್ತಿತ್ತು. ತಾತ ಸತ್ತರೆ ಆ ಪಾಲು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹರಿದು ಹಂಚಿಹೋಗುತ್ತದೆ. ತಾವೆಂದೂ ಕಾಣದ ರಾಜ್ಯದ ಬಾವಿಯೊಂದರ ಭಾಗದಾರರಾದ ಮೊಮ್ಮಕ್ಕಳಿಗೆ ಅದನ್ನು ಕೊಳ್ಳುವ ದಲ್ಲಾಳಿಗಳಿಂದ ಪತ್ರ ಬರುತ್ತದೆ. ಇಟ್ಟುಕೊಳ್ಳುವುದೋ ಮಾರುವುದೋ ಎಂಬ ತಲೆಬಿಸಿ. ಹ್ಯೂಸ್ಟನ್ನಿನಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೂ ಪತ್ರದಲ್ಲಿ ಖನಿಜ ಹಕ್ಕು ಈ ಮಾರಾಟಕ್ಕೆ ಸೇರಿಲ್ಲ ಎಂಬ ಸಾಲು ಕಾಣಸಿಗುವುದುಂಟು. ನಮ್ಮ ಅಷ್ಟಭೋಗದ ಸಾಲಿಗೆ ಇದು ನೇರ ವಿರುದ್ಧ: ಅಲ್ಲಿ ಇರುವುದನ್ನು ಕೊಡುವುದಿಲ್ಲ ಎನ್ನುತ್ತಾರೆ, ಇಲ್ಲಿ ಇಲ್ಲದ್ದನ್ನು ಕೊಟ್ಟೆ ಎನ್ನುತ್ತೇವೆ.

ನಮ್ಮ ದೇಶದಲ್ಲೂ ಖನಿಜದಿಂದ ಉಂಡವರು ಇಲ್ಲದಿಲ್ಲ. 1793ರ ಕಾಯಂ ಜಮೀನುದಾರಿಯಿಂದಾಗಿ ಝರಿಯಾ, ರಾಣಿಗಂಜ್ ಕಡೆಯ ಜಮೀನುದಾರರು ಕಲ್ಲಿದ್ದಲ ಕಂಪನಿಗಳಿಂದ ಸಲಾಮಿ, ರಾಜಧನ ಪಡೆದರು. ಝರಿಯಾ ಕಡೆ ಬಿಹಾರದ 1950ರ ಭೂಸುಧಾರಣೆ ಕಾಯಿದೆ ಅದನ್ನು ನಿಲ್ಲಿಸಿತು. ಉತ್ತವನಿಗೆ ಅಲ್ಲಿಯೂ ಏನೂ ಸಿಕ್ಕಿರಲಿಲ್ಲ.

ಮತ್ತೆ ನಮ್ಮ ಗಡಿಗೆ ಬರೋಣ. ಸ್ವಾತಂತ್ರ್ಯಕ್ಕೆ ಮುಂಚೆ ಮೊಳಕಾಲ್ಮುರಿನವನಿಗೆ ರಾಯದುರ್ಗ ಪರರಾಜ್ಯವೇ ಆಗಿತ್ತು. ಬ್ರಿಟಿಷ್ ಇಂಡಿಯಾದ ಕಾನೂನಿನ ಲೆಕ್ಕದಲ್ಲಿ ಮೈಸೂರಿನ ನ್ಯಾಯಾಲಯ ವಿದೇಶೀ ನ್ಯಾಯಾಲಯ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಉಳಿದವು. ಅಲ್ಲಿಂದ ಮುಂದೆ ದಫ್ತರಗಳ ಭಾಷೆಯೂ ಪೂರ್ತಿ ತೆಲುಗಾಯಿತು. ವಂಶಪಾರಂಪರ್ಯ ಶಾನುಭೋಗಿಕೆಯನ್ನು ಮೈಸೂರು 1961ರ ಕಾಯಿದೆಯಿಂದ ತೆಗೆದುಹಾಕಿತು. ಆಂಧ್ರದಲ್ಲಿ ಕರಣಂಗಳ ಪದ್ಧತಿ ಹೋದದ್ದು 1984ರಲ್ಲಿ, ಎನ್.ಟಿ. ರಾಮರಾವ್ ಸರ್ಕಾರದ ಕಾಲಕ್ಕೆ. ಯಾವ ಹೊಲ ಯಾರ ತಾತನದು ಎಂಬುದನ್ನು ಬಾಯಲ್ಲೇ ಹೇಳಬಲ್ಲ ಮನುಷ್ಯ ಎರಡು ಕಡೆಯೂ ಹೀಗೆ ಮರೆಯಾದ. ಅವನ ಅಧಿಕಾರ ಹೋದದ್ದು ಒಳ್ಳೆಯದೇ. ಅವನ ನೆನಪು ಹೋದದ್ದಕ್ಕೆ ಬದಲಿ ಸಿಕ್ಕಲಿಲ್ಲ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಗಡಿ ಇನ್ನೂ ವಿಚಿತ್ರ ಆಟ ಆಡಿತು. ಮೈಸೂರು 1933ರಲ್ಲೇ ವಿಧವೆ, ತಾಯಿ, ಮದುವೆಯಾಗದ ಮಗಳು ಮೊದಲಾದವರಿಗೆ ಅವಿಭಕ್ತ ಆಸ್ತಿಯ ವಿಭಾಗದಲ್ಲಿ ಪಾಲು ಕೊಡುವ ಕಾಯಿದೆ ಮಾಡಿ ಮುಂದಿತ್ತು. ಆಮೇಲೆ ಆಂಧ್ರ ಮುಂದಾಯಿತು. ಮಗಳೂ ಮಗನಂತೆ ಹುಟ್ಟಿನಿಂದ ಭಾಗಸ್ಥಳು ಎಂಬ ಆಂಧ್ರದ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂತು. ಕರ್ನಾಟಕದ್ದು 1994ರ ಜುಲೈ 30ರಿಂದ. ಎರಡೂ ಕಡೆ, ಅದಕ್ಕೆ ಮೊದಲೇ ಮದುವೆಯಾದ ಮಗಳಿಗೆ ಇಲ್ಲ. ಒಬ್ಬ ಹೆಣ್ಣುಮಗಳು 1990ರಲ್ಲಿ ಮದುವೆಯಾಗಿ ಹೋದಳು ಎಂದುಕೊಳ್ಳಿ. ಅಪ್ಪನ ರಾಯದುರ್ಗದ ಹೊಲದಲ್ಲಿ ಅವಳು ಪಾಲು ಕೇಳಲು ದಾರಿಯಾಯಿತು, ಚಳ್ಳಕೆರೆಯ ಹೊಲದಲ್ಲಿ ಬಾಗಿಲು ಮುಚ್ಚಿತ್ತು. ಒಬ್ಬಳೇ ಮಗಳು, ಒಬ್ಬನೇ ಅಪ್ಪ! 2005ರ ಕೇಂದ್ರದ ತಿದ್ದುಪಡಿ ಈ ವ್ಯತ್ಯಾಸವನ್ನು ಅಳಿಸಿತು. ತಂದೆ ಆಗ ಬದುಕಿರಬೇಕೆ ಎಂಬ ಸಂಶಯವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ನಿವಾರಿಸಿತು. ಅಷ್ಟರಲ್ಲಿ ಎಷ್ಟೋ ಅಣ್ಣತಮ್ಮಂದಿರು ಅಕ್ಕತಂಗಿಯರ ಸಹಿಯಿಲ್ಲದೆ ಮಾರಿ ಆಗಿತ್ತು. ಇಂದು ಗಡಿಯಾಚೆಯ ಹೊಲ ಕೊಳ್ಳಲು ಬರುವವನು ಮೊದಲು ಕೇಳುವುದು ವಂಶವೃಕ್ಷವನ್ನು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದರೆ ಬುದ್ಧಿವಂತನಾದವನು ಮುಂಗಡ ಕೊಡುವುದಿಲ್ಲ.

ಮಾರುವ ಕ್ರಮವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಂಧ್ರದ ಜಮೀನಿನ ಕ್ರಯಪತ್ರವನ್ನು ಆಂಧ್ರದಲ್ಲೇ ನೋಂದಾಯಿಸಬೇಕು. ಹೋಗಲಾಗದವರು ತಾವಿರುವ ಊರಿನ ಉಪ ನೋಂದಣಾಧಿಕಾರಿಯ ಮುಂದೆ ಅಧಿಕಾರಪತ್ರ ದೃಢೀಕರಿಸಿ ಇನ್ನೊಬ್ಬರನ್ನು ಕಳಿಸಬಹುದು. ತಾತನ ಹೆಸರಿನಲ್ಲೇ ಇರುವ ಖಾತೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಪಟ್ಟಾದಾರ್ ಪಾಸ್‌ಪುಸ್ತಕ ಆಗಬೇಕು. ಸರ್ಕಾರ ಹಂಚಿಕೆ ಮಾಡಿದ ಜಮೀನಾಗಿದ್ದರೆ 1977ರ ಪರಭಾರೆ ನಿಷೇಧ ಕಾಯಿದೆಯ ತೊಡಕುಗಳನ್ನು ವಿಚಾರಿಸಬೇಕು. ವ್ಯಾಜ್ಯವಾದರೆ ಜಮೀನು ಇರುವ ಕಡೆಯ ಕೋರ್ಟಿಗೇ ಅಲೆಯಬೇಕು.

ನೆಲದಡಿಯ ಪ್ರಶ್ನೆಗೆ ಇತ್ತೀಚೆಗೆ ಹೊಸ ಜೀವ ಬಂದಿದೆ. ಮಲಬಾರಿನ ಜನ್ಮ ಭೂಮಿಯ ಒಡೆಯರು ಹೂಡಿದ ಮೊಕದ್ದಮೆಯಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೆಲದಡಿಯ ಸಂಪತ್ತೆಲ್ಲ ಸರ್ಕಾರದ್ದು ಎಂದು ಸಾರುವ ಸಾಮಾನ್ಯ ಕಾನೂನು ಯಾವುದೂ ಇಲ್ಲ, ಕಾನೂನಿನ ಪ್ರಕಾರ ಕಿತ್ತುಕೊಂಡಿರದಿದ್ದರೆ ಅದು ನೆಲದ ಒಡೆತನವನ್ನೇ ಹಿಂಬಾಲಿಸುತ್ತದೆ ಎಂದಿತು. ಇದನ್ನು ಪತ್ರಿಕೆಯಲ್ಲಿ ಓದಿ ಹಿಗ್ಗಿದವರುಂಟು. ಆದರೆ ಅಗೆಯಲು ಪರವಾನಗಿ ಬೇಕೇ ಬೇಕು. ಮತ್ತು ಮೈಸೂರಿನ ಕಡೆ 70ನೇ ಕಲಮಿನಂಥ ಸ್ಪಷ್ಟ ಮಾತು ಪುಸ್ತಕದಲ್ಲಿದೆ. ಮಲಬಾರಿನ ತೀರ್ಪು ಹಳೆಯ ಮದ್ರಾಸ್ ಸೀಮೆಯಾದ ರಾಯದುರ್ಗದ ಇನಾಮಿಗೆ ಹತ್ತಿರ, ಮೊಳಕಾಲ್ಮುರಿನ ಹೊಲಕ್ಕೆ ದೂರ. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನವು ತೆರಿಗೆಯಲ್ಲ, ಖನಿಜವಿರುವ ಭೂಮಿಯ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು ಎಂಟು ಒಂದರ ಬಹುಮತದಿಂದ ಹೇಳಿತು. ಒಪ್ಪದೆ ಬೇರೆ ತೀರ್ಪು ಬರೆದವರು ಕನ್ನಡ ನಾಡಿನವರೇ ಆದ ಬಿ.ವಿ. ನಾಗರತ್ನ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ರಾಮನಗರದಿಂದ ಬಳ್ಳಾರಿಯತ್ತ ಹರಿದ ಗ್ರಾನೈಟಿನ ಉದ್ದನೆಯ ಪಟ್ಟಿ ಪಾವಗಡ, ಮೊಳಕಾಲ್ಮುರು ಸೀಮೆಯನ್ನು ಹಾದುಹೋಗುತ್ತದೆ. ರಾಗಿ ಬೆಳೆಯದ ಬಂಡೆಗುಡ್ಡವನ್ನು ಬಂದ ಬೆಲೆಗೆ ಕೊಟ್ಟುಬಿಡುವ ವಾರಸುದಾರ, ಕೊಳ್ಳುವವನು ಆ ಗುಡ್ಡವನ್ನೇ ಏಕೆ ಆರಿಸಿದ ಎಂದು ಯೋಚಿಸಬೇಕು. ಕಲ್ಲು ಸರ್ಕಾರದ್ದಾದರೂ ಕಲ್ಲಿನವರೆಗೆ ಹೋಗುವ ದಾರಿ ನೆಲದ ಒಡೆಯನದು. ಪಟ್ಟಾ ಜಮೀನಿನಲ್ಲಿ ಅವನ ಒಪ್ಪಿಗೆಗೆ ಬೆಲೆಯಿದೆ. ಅವನು ಮಾರುತ್ತಿರುವುದು ಅದನ್ನು. ಹಳೆಯ ರಾಯದುರ್ಗ ತಾಲ್ಲೂಕಿಗೇ ಸೇರಿದ್ದ ಡಿ. ಹಿರೇಹಾಳ್ ಕಡೆ ಓಬುಳಾಪುರದ ಕಬ್ಬಿಣದ ಅದಿರಿಗಾಗಿ ಎರಡು ರಾಜ್ಯಗಳ ಗಡಿಕಲ್ಲುಗಳ ಜಾಗವೇ ವಿವಾದವಾಯಿತು. ಆದರೆ ಅದು ಅರಣ್ಯಭೂಮಿ; ಊರಿನ ರೈತರಿಗೆ ಬಂದದ್ದು ಕೆಂಪು ಧೂಳು.

ಪತ್ರವಿಲ್ಲದವರ ಪಾಡು ಇನ್ನೂ ಕಷ್ಟ. ಚಳ್ಳಕೆರೆಯ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳಲ್ಲಿ ತಲೆಮಾರುಗಳಿಂದ ಕುರಿ ದನ ಮೇಯಿಸಿದವರಿಗೆ ಹುಲ್ಲಿನ ಮೇಲೆ ರೂಢಿ ಇತ್ತು, ಪಹಣಿ ಇರಲಿಲ್ಲ. 2009ರ ನಂತರ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೂ ಇತರರಿಗೂ ಹಂಚಿಹೋದಾಗ ಮಾರಲು ಅವರಲ್ಲಿ ಏನೂ ಇರಲಿಲ್ಲ. ದಾಭೋಳದಿಂದ ಬೆಂಗಳೂರಿಗೆ ಬಂದ ಅನಿಲದ ಕೊಳವೆ 2013ರಲ್ಲಿ ಚಾಲೂ ಆಯಿತು. ಚಿತ್ರದುರ್ಗ ಜಿಲ್ಲೆಯನ್ನೂ ಹಾದುಹೋಗುವ ಅದು ನಮ್ಮ ನೆಲದಡಿಗೆ ಬಂದ ಏಕೈಕ ಪೆಟ್ರೋಲಿಯಂ ಸಂಪತ್ತು ಎನ್ನಬಹುದು. 1962ರ ಕಾಯಿದೆಯಂತೆ ಅಂಥ ಕೊಳವೆ ಹಾಯುವ ಹೊಲದ ಒಡೆತನ ರೈತನಲ್ಲೇ ಉಳಿಯುತ್ತದೆ. ಬೆಳೆ, ಮರ ಮುಂತಾದವುಗಳ ನಷ್ಟದ ಜೊತೆಗೆ ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತರಷ್ಟು ಪರಿಹಾರ. ಪಟ್ಟಿಯ ಮೇಲೆ ಮನೆ ಕಟ್ಟಬಾರದು, ಬಾವಿ ತೋಡಬಾರದು, ಮರ ನೆಡಬಾರದು. ಅಷ್ಟಭೋಗದಲ್ಲಿ ಎಷ್ಟು ಭೋಗ ಉಳಿಯಿತು ಎಂದು ಎಣಿಸಿಕೊಳ್ಳಿ.

ಅಮೆರಿಕದ ಮೊಮ್ಮಕ್ಕಳಿಗೆ ಸಿಗುವ ಬಾಬ್ತಿಗೆ ನಮ್ಮ ಕಡೆ ಹತ್ತಿರವಾದದ್ದು ನೆಲದಡಿಯಿಂದಲ್ಲ, ಆಕಾಶದಿಂದ ಬಂದಿದೆ. ಮೊಳಕಾಲ್ಮುರಿನ ಹಾಗೆಯೇ ಆಂಧ್ರದೊಳಗೆ ಚಾಚಿಕೊಂಡಿರುವ ಪಾವಗಡದಲ್ಲಿ ಸುಮಾರು 13,000 ಎಕರೆಯ ಸೌರ ವಿದ್ಯುತ್ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, 28 ವರ್ಷದ ಗುತ್ತಿಗೆಗೆ ಕೊಟ್ಟರು. ಮೊದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬಿಸಿಲಿನ ಒಡೆತನದ ಬಗ್ಗೆ ಕೌಟಿಲ್ಯನೂ ಮನುವೂ ಏನೂ ಹೇಳಿಲ್ಲವಾಗಿ ಇಲ್ಲಿ ರಾಜಭಾಗದ ತಕರಾರಿಲ್ಲ. ತಕರಾರು ಬೇರೆಡೆ ಇದೆ: ಖಾತೆ ತಾತನ ಹೆಸರಿನಲ್ಲೇ ಇದ್ದರೆ ಬಾಡಿಗೆ ಯಾರ ಕೈಗೆ ಎಂದು ಅಣ್ಣತಮ್ಮಂದಿರು ಮೊದಲು ತೀರ್ಮಾನಿಸಬೇಕು, ಅಕ್ಕತಂಗಿಯರೂ ಅಲ್ಲಿ ಕೂರಬೇಕು. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಗುತ್ತಿಗೆಯಲ್ಲಿ ಒಂದು ಸಾಲೂ ಇಲ್ಲ.